ಕೊಕ್ಕರೆ ಹಡಗಿನ ಊಟದ ಪುಸ್ತಕ

ನಮ್ಮೂರಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆದರೆ ಮನೆಮನೆಯಲ್ಲೂ ಎರಡು ಗಂಗಾಳ ಹಾಕುತ್ತಾರೆ. ಮೊದಲನೆಯದು ಉಣ್ಣುವವರದೇ. ಅದು ಮುಗಿದ ಮೇಲೆ ಕೈ ತೊಳೆದು, ಎರಡನೆಯದರ ಮುಂದೆ ಕುಳಿತು, ಹಡಗಿನಲ್ಲಿರುವ ತಮ್ಮವರನ್ನು ಹೆಸರು ಹಿಡಿದು ಕರೆದು, ಅದನ್ನೂ ಉಣ್ಣುತ್ತಾರೆ. ಆ ಎರಡನೆಯ ಊಟ ಇವರ ಬಾಯಿಂದ ಇಳಿದು ಅವರ ಹೊಟ್ಟೆ ಸೇರುತ್ತದೆ. ಹಡಗಿನಲ್ಲಿ ಒಲೆಯಿಲ್ಲ, ಉಗ್ರಾಣವಿಲ್ಲ, ಅಡುಗೆಯವರಿಲ್ಲ. ಇದೆಂಥ ಪದ್ಧತಿ ಎಂದು ಹೊರಗಿನವರು ಯಾರಾದರೂ ಕೇಳಿದರೆ ನಮ್ಮ ಜನಕ್ಕೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. "ಮತ್ತ ಅವ್ರೇನ್ ಉಪಾಸ ಇರಬೇಕೇನ್ರಿ?" ಎಂದು ತಿರುಗಿ ಕೇಳುತ್ತಾರೆ.

ಇಡೀ ಊರಿನಲ್ಲಿ ಕಟ್ಟಳೆಯ ಪ್ರಕಾರವೇ ಒಂದೇ ಗಂಗಾಳದವನಾಗಿದ್ದವನೆಂದರೆ ನಾನು, ಗುರುಪಾದಪ್ಪ. ಹದಿನಾಲ್ಕು ವರ್ಷ ಚಾವಡಿಯಲ್ಲಿ ಕೂತು ಹಡಗಿನ ಪುಸ್ತಕ ಬರೆದವನು. ಪುಸ್ತಕ ಬರೆಯುವವನು ಯಾರ ಪರವಾಗಿಯೂ ಉಣ್ಣಬಾರದೆಂಬುದು ಕಟ್ಟಳೆ. ತನ್ನವರೊಬ್ಬರು ಮೇಲಿದ್ದರೆ ಬರೆಯುವ ಕೈ ವಾಲುತ್ತದೆ ಎಂದು ಹಿರಿಯರ ಎಣಿಕೆ. ಹೆಂಡತಿ ಮಕ್ಕಳಿಲ್ಲದ, ಒಡಹುಟ್ಟಿದವರಿಲ್ಲದ ನನ್ನನ್ನು ಹುಡುಕಿ ತಂದು ಕೂರಿಸಿದ್ದೂ ಅದಕ್ಕೇ. ಯಾರೂ ಇಲ್ಲದ್ದೇ ಒಂದು ಯೋಗ್ಯತೆಯಾಯಿತಲ್ಲ ಎಂದು ಆಗ ಹಿಗ್ಗಿದ್ದೆ. ಹುಚ್ಚು ಪ್ರಾಯ.

ಗಂಟೆಯಾಗಿ ಸ್ವಲ್ಪ ಹೊತ್ತಿಗೆ ಓಣಿ ಓಣಿಯಿಂದ ಹೆಸರುಗಳು ಏಳುತ್ತಿದ್ದವು. "ಮಲ್ಲೇಶೀ, ಉಣ್ಣಪಾ!" "ಸಕ್ರೆವ್ವಾ, ಬಾರವ್ವಾ, ಆರಿ ಹೊಕ್ಕತಿ!" ಒಂದು ಮನೆಯಲ್ಲಿ ಅಜ್ಜನೊಬ್ಬ ಮೊಮ್ಮಗನನ್ನು ಬೈದೇ ಕರೆಯುತ್ತಿದ್ದ. ಬೈಯದಿದ್ದರೆ ಅವನು ಉಣ್ಣುವವನಲ್ಲವಂತೆ. ನಾನು ಚಾವಡಿಯ ಕಟ್ಟೆಯ ಮೇಲೆ ಕುಳಿತು ಎರಡು ರೊಟ್ಟಿ ತಿಂದು, ಯಾರನ್ನೂ ಕರೆಯದೆ ಕೈ ತೊಳೆಯುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಊಟಕ್ಕೆ ಕರೆದವರಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಎರಡನೆಯ ಗಂಗಾಳ ಬಂದಾಗ ಮನೆಯವರೆಲ್ಲ ಅದರ ಕಡೆ ತಿರುಗಿ ಕೂತರೆ ಅತಿಥಿ ಎಲ್ಲಿ ನೋಡಬೇಕು?

ಹಡಗಿಗೆ ಸರಕಾರ ಕೊಟ್ಟ ಹೆಸರೊಂದು ಅಂಕಿ. ಅದು ಯಾರಿಗೂ ನೆನಪಿಲ್ಲ. ನಮ್ಮ ಒಣಗಿದ ಕೆರೆಯ ಅಂಗಳದಲ್ಲಿ ಅದನ್ನು ಕಟ್ಟಿ ನಿಲ್ಲಿಸಿದಾಗ ಉದ್ದ ಕತ್ತು ಚಾಚಿಕೊಂಡು ಒಂಟಿಕಾಲಲ್ಲಿ ನಿಂತ ಹಕ್ಕಿಯ ಹಾಗೆ ಕಂಡಿತು. ಜನ ಕೊಕ್ಕರೆ ಎಂದರು. ಇನ್ನೂರ ಹನ್ನೆರಡು ಜನ ಅದನ್ನು ಹತ್ತಿ ನಕ್ಷತ್ರಗಳ ನಡುವಿನ ಯುದ್ಧಕ್ಕೆ ಹೋದರು. ಯಾರ ಮೇಲಿನ ಯುದ್ಧ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹತ್ತೊಂಬತ್ತು ವರ್ಷವಾಯಿತು. ಅಲ್ಲಿಂದ ಒಂದು ಕಾಗದ ಬಂದಿಲ್ಲ, ಒಂದು ದನಿ ಕೇಳಿಲ್ಲ. ಕೊಕ್ಕರೆ ಎಲ್ಲಿ ಹೋಯಿತು, ಏನು ಮಾಡಿತು ಎಂಬುದೆಲ್ಲ ನಮಗೆ ತಿಳಿದದ್ದು ಎರಡನೆಯ ಗಂಗಾಳದಿಂದಲೇ. ಉಂಡವರು ಉಂಡ ಕೈ ಒರೆಸಿಕೊಳ್ಳುತ್ತ ಚಾವಡಿಗೆ ಬಂದು ಇವತ್ತಿನ ಊಟ ಹೇಗೆ ಇಳಿಯಿತೆಂದು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಅದೇ ಕೊಕ್ಕರೆಯ ಸೇವಾ ಚರಿತ್ರೆ.

ನನಗಿಂತ ಮೊದಲು ಬರೆದವರು ಮೊದಲ ಕದನವನ್ನು ಹೀಗೆ ದಾಖಲು ಮಾಡಿದ್ದಾರೆ: ಎರಡನೆಯ ವರ್ಷ, ಕಾರಹುಣ್ಣಿಮೆಯ ಮರುದಿನ, ಇನ್ನೂರ ಹನ್ನೆರಡು ಗಂಗಾಳವೂ ನಾಲ್ಕೇ ತುತ್ತಿಗೆ ಖಾಲಿಯಾದವು. ನಿಂತೇ ಉಣ್ಣುತ್ತಿದ್ದಾರೆ. ಆರನೆಯ ವರ್ಷದಿಂದ ನನ್ನ ಅಕ್ಷರ. ಆ ವರ್ಷ ಒಂದೇ ದಿನ ಹನ್ನೊಂದು ಮನೆಯಲ್ಲಿ ತುಂಬಿತು. ಎಂಟನೆಯ ವರ್ಷ ನಲವತ್ತು ದಿನ ಯಾರ ಬಾಯಿಗೂ ಉಪ್ಪು ಹತ್ತಲಿಲ್ಲ. ಹಿಡಿ ಹಿಡಿ ಹಾಕಿದರೂ ಸಪ್ಪೆ. ಹಡಗು ಯಾವುದೋ ದೊಡ್ಡ ಕತ್ತಲೆಯನ್ನು ದಾಟುತ್ತಿರಬೇಕೆಂದು ಬರೆದೆ. ಹನ್ನೊಂದನೆಯ ವರ್ಷ ಒಂದು ಮಧ್ಯಾಹ್ನ ಇಡೀ ಊರು ಎರಡನೆಯ ಗಂಗಾಳದ ಮುಂದೆ ಕೂತು ಗೊಳ್ಳೆಂದು ನಕ್ಕಿತು, ಯಾಕೆಂದು ಒಬ್ಬರಿಗೂ ಗೊತ್ತಿಲ್ಲ. "ಇಂದು ನಮ್ಮವರು ಗೆದ್ದಿದ್ದಾರೆ, ಇಲ್ಲವೇ ಅವರಲ್ಲೊಬ್ಬ ಒಳ್ಳೆಯ ಚಟಾಕಿ ಹಾರಿಸಿದ್ದಾನೆ" ಎಂದು ಬರೆದೆ. ಚಾವಡಿಯ ಯಜಮಾನರು ಸಂಗನಬಸಪ್ಪನವರು ಎರಡನೆಯ ಮಾತನ್ನು ಹೊಡೆದುಹಾಕಿಸಿದರು.

ತುಂಬಿತು ಎಂದೆನಲ್ಲ, ಅದು ನಮ್ಮಲ್ಲಿ ಸಾವಿನ ಮಾತು. ಹಡಗಿನವರು ಇರುವ ತನಕ ಎರಡನೆಯ ಊಟ ಉಂಡವರ ಹೊಟ್ಟೆಗೆ ತಾಕುವುದಿಲ್ಲ. ಅವರು ಹೋದ ದಿನ ಅದು ಇವರ ಹೊಟ್ಟೆಯಲ್ಲೇ ಉಳಿಯುತ್ತದೆ. ನಾಲ್ಕು ತುತ್ತಿಗೆ ಗಂಟಲು ಕಟ್ಟುತ್ತದೆ, ಗಂಗಾಳ ಮುಗಿಯುವುದಿಲ್ಲ. ಮೂರು ದಿನ ಹೀಗಾದರೆ ನಾನು ಆ ಮನೆಗೆ ಹೋಗಿ ಗಂಗಾಳವನ್ನು ಬೋರಲು ಹಾಕಿ, ಪುಸ್ತಕದಲ್ಲಿ ಹೆಸರಿನ ಮುಂದೆ 'ತುಂಬಿತು' ಎಂದು ಬರೆಯುತ್ತಿದ್ದೆ. ಅಲ್ಲಿಗೆ ಆ ಗಂಗಾಳಕ್ಕೆಂದು ಚಾವಡಿಯಿಂದ ಹೋಗುತ್ತಿದ್ದ ಜೋಳ ನಿಲ್ಲುತ್ತಿತ್ತು. ಅದಕ್ಕೇ ನಮ್ಮೂರಲ್ಲಿ ಯಾರೂ, ಮದುವೆ ಊಟ ಉಂಡರೂ, ಹೊಟ್ಟೆ ತುಂಬಿತು ಅನ್ನುವುದಿಲ್ಲ. ಸಾಕಾಯಿತು ಅನ್ನುತ್ತಾರೆ.

ಇನ್ನೊಂದು ಕಟ್ಟಳೆಯಿದೆ. ಒಬ್ಬರ ಗಂಗಾಳದಲ್ಲಿ ಇನ್ನೊಬ್ಬರು ಹೆಸರು ಕರೆದು ಪೂರ್ತಿ ಉಂಡರೆ ಅದು ಉಂಡವರ ಪಾಲಾಗುತ್ತದೆ, ಮೊದಲಿನವರಿಗೆ ಮತ್ತೆ ಹಿಂದಿರುಗುವುದಿಲ್ಲ. ಇದನ್ನು ಯಾರೂ ಮಾಡಿದ್ದಲ್ಲ, ಇರುವುದೇ ಹಾಗೆ. ಹಡಗಿನ ಹಿಂದಿನ ತೋಪಿನ, ಅಂದರೆ ಫಿರಂಗಿಯ, ಆಳು ರಾಚಣ್ಣ ಎಂಬವನ ತಾಯಿ ಹಾಲವ್ವ ಒಂಬತ್ತು ವರ್ಷ ಮಗನಿಗಾಗಿ ಉಂಡಳು. ಹಲ್ಲು ಪೂರ್ತಿ ಉದುರಿ ರೊಟ್ಟಿ ಅಗಿಯಲಾಗದೆ ಗಂಗಾಳವನ್ನು ಬೇರೆಯವರಿಗೆ ಒಪ್ಪಿಸಿದಳು. ಆರು ತಿಂಗಳ ಮೇಲೆ ಕಟ್ಟಿಸಿದ ಹಲ್ಲು ಬಂದವು. ಓಡೋಡಿ ಹೋಗಿ ಮಗನನ್ನು ಕರೆದು ಒಂದು ತುತ್ತು ಹಾಕಿಕೊಂಡಳು. ಅದು ಅವಳ ಹೊಟ್ಟೆಗೇ ಇಳಿಯಿತು. ಅವತ್ತು ಅವಳು ಅತ್ತದ್ದನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಬರೆಯುವಂಥದ್ದಾಗಿರಲಿಲ್ಲ. ಮುಂದಿನ ವರ್ಷ ಆಕೆಯೂ ತೀರಿಕೊಂಡಳು.

ರಾಚಣ್ಣನ ಗಂಗಾಳ ಚೀಟಿ ಎತ್ತಿದಾಗ ಬಂದದ್ದು ಬಾಳವ್ವನಿಗೆ. ಅವಳು ಗಾಣದ ಹಿಂದಿನ ಒಂದು ಕೋಣೆಯಲ್ಲಿ ಕೌದಿ ಹೊಲಿದುಕೊಂಡು ಒಬ್ಬಳೇ ಇದ್ದಳು. ಪರಊರಿನವಳು. ಗಂಡ ಬಿಟ್ಟನೋ, ಅವಳೇ ಬಿಟ್ಟಳೋ, ಕೇಳಿದವರಿಲ್ಲ. ಹಡಗಿನಲ್ಲಿ ಅವಳಿಗೆ ಯಾರೂ ಇರಲಿಲ್ಲ, ಊರಿನಲ್ಲೂ ಇರಲಿಲ್ಲ. ರಾಚಣ್ಣನ ಮುಖ ಅವಳು ಕಂಡಿರಲಿಲ್ಲ. ಆದರೂ ಗಂಗಾಳ ಕೈಗೆ ಬಂದ ದಿನದಿಂದ ಅವಳ ನಡಿಗೆಯೇ ಬದಲಾಯಿತು. ಸಂತೆಯಲ್ಲಿ ಬದನೆಕಾಯಿಯ ಮೈ ಸವರಿ ನೋಡಿ, "ಇದು ಬ್ಯಾಡ್ರಿ, ನಮ್ಮ ಮನ್ಯಾಗ ಬೀಜದ್ದು ಸೇರೂದಿಲ್ಲ" ಅನ್ನುತ್ತಿದ್ದಳು. ನಮ್ಮ ಮನ್ಯಾಗ ಅನ್ನುವಾಗ ದನಿ ಸ್ವಲ್ಪ ಜೋರು.

ಚಾವಡಿಗೆ ಅವಳು ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು. ಉಳಿದವರು "ಚಲೋ ಇಳೀತ್ರಿ" ಎಂದು ಒಂದು ಮಾತು ಎಸೆದು ಹೋದರೆ ಇವಳು ಕಂಬಕ್ಕೆ ಒರಗಿ ಕೂತೇಬಿಡುತ್ತಿದ್ದಳು. "ಇವತ್ತ ಪುಂಡಿಪಲ್ಯ ಮಾಡಿದ್ದೆ ಅಣ್ಣಾರ. ಮೊದಲ ತುತ್ತು ಬಾಯಾಗ ಇಟ್ಟ ಕೂಡ್ಲೇ ಕಣ್ಣಾಗ ನೀರು ಬಂತು ನೋಡ್ರಿ. ನನ್ನ ಕಣ್ಣೀರಲ್ಲ. ಅವಗ ಅವರವ್ವನ ನೆನಪಾತು, ಬರ್ಕೊಳ್ರಿ." ನಾನು ಬರೆದುಕೊಳ್ಳುತ್ತಿದ್ದೆ. ಸೇವಾ ಚರಿತ್ರೆಯಲ್ಲಿ ರಾಚಣ್ಣನ ಪುಟಗಳು ಕಪ್ತಾನನ ಪುಟಗಳಿಗಿಂತ ಹೆಚ್ಚಾದವು. ಅವಳು ಎದ್ದು ಹೋದ ಮೇಲೆ ಚಾವಡಿ ಬಿಕೋ ಅನ್ನುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಿತ್ತು. ಅವಳ ಮೇಲಲ್ಲ, ಅವನ ಮೇಲೆ. ಲಕ್ಷ ಹರದಾರಿ ದೂರದಲ್ಲಿ ತೋಪಿನ ಹಿಂದೆ ಕೂತವನಿಗಾಗಿ ಇಲ್ಲೊಬ್ಬಳು ಬದನೆಕಾಯಿ ಆರಿಸುತ್ತಾಳೆ. ಇಲ್ಲೇ ನಾಲ್ಕು ಹೆಜ್ಜೆಯಲ್ಲಿರುವ ನಾನು ಏನು ಉಂಡೆನೆಂದು ಅವಳು ಒಂದು ದಿನ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೋದ ವರ್ಷ ದಸರೆಯ ಹಿಂದಿನ ವಾರ ಕೊಕ್ಕರೆಗೆ ದೊಡ್ಡ ಪೆಟ್ಟು ಬಿತ್ತು. ಸೋಮವಾರ ನಾಲ್ಕು ಮನೆಯಲ್ಲಿ ಗಂಗಾಳ ಉಳಿಯಿತು, ಮಂಗಳವಾರ ಇನ್ನೂ ಮೂರು. ಓಣಿಯಲ್ಲಿ ಅಳು ನಿಲ್ಲಲಿಲ್ಲ. ಹಿಂದಿನ ತೋಪಿನ ಇನ್ನಿಬ್ಬರದೂ ಅವುಗಳಲ್ಲಿ ಇತ್ತು. ಅದೇ ಮಂಗಳವಾರ ಬಾಳವ್ವ ಚಾವಡಿಗೆ ಬರಲಿಲ್ಲ. ಅವಳ ಗಂಗಾಳವೂ ಉಳಿಯಿತೆಂದು ಗಾಣದ ದ್ಯಾಮವ್ವ ಬಂದು ಹೇಳಿದಳು. ಬುಧವಾರವೂ ಉಳಿಯಿತು. ಗುರುವಾರ ನಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟೆ. ಆ ವಾರ ಅದು ನನಗೆ ಎಂಟನೆಯ ಮನೆ.

ಬಾಳವ್ವ ಕೌದಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಎರಡನೆಯ ಗಂಗಾಳ ಎದುರಿಗಿತ್ತು. ಒಂದು ರೊಟ್ಟಿಯ ಅಂಚು ಮಾತ್ರ ಮುರಿದಿತ್ತು.

"ನಿನ್ನ ಗಂಗಾಳ ಉಂಡ್ಯಾ?" ಎಂದು ಕೇಳಿದೆ. ಕಟ್ಟಳೆಯ ಪ್ರಶ್ನೆ ಅದೊಂದೇ.

"ದ್ಯಾಮಕ್ಕ ಗಂಜಿ ಕುಡಿಸ್ಯಾಳ್ರಿ. ಅದು ಇಳೀತು."

"ಎರಡನೇದು?"

"ಇಳೀವಲ್ದು. ಜ್ವರ ಬಂದಾವ್ರಿ ನನಗ. ನಾ ಕಾರಣ, ಅವ ಅಲ್ಲ. ಅವ ಅದಾನ್ರಿ ಅಣ್ಣಾರ. ಎರಡ ದಿನ ತಡೀರಿ."

ಆ ವಾರ ಏಳೂ ಮನೆಯಲ್ಲಿ ಇದೇ ಮಾತು ಕೇಳಿದ್ದೆ. ಒಬ್ಬಳಿಗೆ ಹಲ್ಲುನೋವು, ಒಬ್ಬನಿಗೆ ಪಿತ್ತ, ಒಬ್ಬಳ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಯಾರ ಮಗನೂ ಸತ್ತಿರಲಿಲ್ಲ. ತನ್ನದು ಇಳಿದು ಅವನದು ಇಳಿಯಲಿಲ್ಲ ಎಂದರೆ ಇನ್ನೇನು? ಅವಳ ಹಣೆ ಮುಟ್ಟಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಗಂಗಾಳದ ರೊಟ್ಟಿಯನ್ನು ಬಟ್ಟೆಗೆ ಸುರಿದು ಬೋರಲು ಹಾಕಿದೆ. ಅವಳು ತಡೆಯಲು ಕೈ ಎತ್ತಿದಳು, ಕೈ ಅರ್ಧಕ್ಕೇ ಕುಸಿಯಿತು. 'ರಾಚಣ್ಣ, ಹಿಂದಿನ ತೋಪು. ತುಂಬಿತು' ಎಂದು ಅವಳೆದುರಿಗೇ ಬರೆದೆ.

ಆಮೇಲೆ ಅವಳು ಚಾವಡಿಗೆ ಬರುವ ಕಾರಣ ಉಳಿಯಲಿಲ್ಲ. ಕಂಬದ ಬುಡ ಖಾಲಿಯಾಯಿತು. ನಾಲ್ಕು ತಿಂಗಳು ನಾನು ಪುಸ್ತಕದಲ್ಲಿ ಒಂದೊಂದೇ ಸಾಲು ಬರೆದೆ. ಉಳಿದ ತೊಂಬತ್ತೇಳು ಗಂಗಾಳಗಳೂ ನಿಧಾನವಾಗಿ, ಸುಸ್ತಾದವರು ಉಂಡ ಹಾಗೆ ಇಳಿಯುತ್ತಿದ್ದವು. ಹಡಗು ಯಾವುದೋ ದಡಕ್ಕೆ ಒರಗಿ ದುರಸ್ತಿ ಮಾಡಿಕೊಳ್ಳುತ್ತಿರಬೇಕು ಎಂದು ಬರೆದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ದ್ಯಾಮವ್ವ ಚಾವಡಿಯ ಮುಂದೆ ಎಣ್ಣೆಯ ಡಬ್ಬಿ ಇಳಿಸಿ ಸುಧಾರಿಸಿಕೊಳ್ಳುತ್ತ, "ನೀವು ಬಾಳವ್ವನ್ನ ನೋಡೀರೇನ್ರಿ? ಕಡ್ಡಿ ಆಗ್ಯಾಳ" ಅಂದಳು.

"ಊಟ ಬಿಟ್ಟಾಳೇನು?"

"ಬಿಟ್ಟಿಲ್ರಿ, ಅದ ಸೋಜಿಗ. ದಿನಾ ಎರಡು ರೊಟ್ಟಿ, ಪಲ್ಯ, ನನ್ನ ಕಣ್ಣ ಮುಂದ ಉಣ್ತಾಳ. ಒಂದ ತುಣುಕ ಬಿಡೂದಿಲ್ಲ. ಆದ್ರ ಮೈಗೆ ಹತ್ತವಲ್ದು. ಉಂಡದ್ದೆಲ್ಲಾ ಎಲ್ಲಿ ಹೊಕ್ಕತೋ ಏನೋ."

ದ್ಯಾಮವ್ವ ಡಬ್ಬಿ ಎತ್ತಿಕೊಂಡು ಹೋದಳು. ಉಂಡದ್ದು ಎಲ್ಲಿ ಹೋಗುತ್ತದೆಂದು ನಮ್ಮೂರಲ್ಲಿ ಯಾರಾದರೂ ಕೇಳಬೇಕೇ? ಚಾವಡಿಯ ಜೋಳ ನಿಂತ ಮೇಲೆ ಅವಳ ಮನೆಯಲ್ಲಿ ಒಂದೇ ಗಂಗಾಳದಷ್ಟು ಹಿಟ್ಟು. ಆ ಒಂದು ಗಂಗಾಳವನ್ನು ಅವಳು, ತಾನು ರಾತ್ರಿಯ ಗುಟುಕು ಗಂಜಿಯ ಮೇಲಿದ್ದು, ನಾಲ್ಕು ತಿಂಗಳಿಂದ ಯಾರಿಗೂ ಕೇಳದಂತೆ ಅವನ ಹೆಸರು ಕರೆದು ಉಣ್ಣುತ್ತಿದ್ದಳು. ಅವನು ಸತ್ತಿದ್ದರೆ ಅದು ಅವಳ ಮೈಗೇ ಹತ್ತಬೇಕಿತ್ತು. ಅವಳು ಕಡ್ಡಿಯಾಗಿದ್ದಾಳೆಂದರೆ ರಾಚಣ್ಣ ಬದುಕಿದ್ದಾನೆ. ನಾನು ಬದುಕಿದ್ದವನನ್ನು ಪುಸ್ತಕದಲ್ಲಿ ಕೊಂದು, ಇಲ್ಲಿರುವವಳನ್ನು ಮಣ್ಣಿಗೆ ಕಳಿಸುತ್ತಿದ್ದೇನೆ. ಪುಸ್ತಕ ಮುಚ್ಚಿ ಎದ್ದೆ.

ಹೋಗಿ ನೋಡಿದಾಗ ಗುರುತು ಸಿಗಲಿಲ್ಲ. ಹಾಸಿಗೆಯ ಮೇಲೆ ಕೌದಿ ಇತ್ತು, ಕೌದಿಯ ಕೆಳಗೆ ಮನುಷ್ಯರಿದ್ದಾರೆಂದು ಅನ್ನಿಸುತ್ತಿರಲಿಲ್ಲ. ಕಳೆದ ನಾಲ್ಕು ದಿನದಿಂದ ರೊಟ್ಟಿಯೂ ಇಳಿಯುತ್ತಿಲ್ಲವಂತೆ, ದಿನಕ್ಕೊಂದು ಬಟ್ಟಲು ಗಂಜಿ ಮಾತ್ರ. ಆ ಬಟ್ಟಲನ್ನೂ ಅವಳು ಅವನ ಹೆಸರು ಕರೆದೇ ಕುಡಿಯುತ್ತಿದ್ದಳು.

"ಬಾಳವ್ವ, ತಪ್ಪಾತು" ಅಂದೆ.

"ಅವಗ ಗಂಜಿ ಸಾಲೂದಿಲ್ರಿ" ಎಂದಳು ಅವಳು. ನನ್ನ ತಪ್ಪು ಅವಳ ಲಕ್ಷ್ಯಕ್ಕೇ ಬರಲಿಲ್ಲ. "ತೋಪು ಎಳಿಯೋ ಆಳು. ನಾಕ್ ದಿನ ಆತು, ಬರೇ ಗಂಜಿ."

ನಾನು ಸೀದಾ ಸಂಗನಬಸಪ್ಪನವರ ಮನೆಗೆ ಹೋದೆ. ಅವರು ಅಡಿಕೆ ಕತ್ತರಿಸುತ್ತ ಎಲ್ಲ ಕೇಳಿದರು. ಕೇಳಿ, ಅಡಕತ್ತರಿ ಕೆಳಗಿಟ್ಟರು.

"ಗುರುಪಾದಪ್ಪ, ಬೋರಲ ಹಾಕಿದ ಗಂಗಾಳ ಎತ್ತಿದ್ದು ಹತ್ತೊಂಬತ್ತು ವರ್ಷದಾಗ ಇಲ್ಲ. ನೀ ಒಂದು ಎತ್ತಿದಿ ಅಂದ್ರ, ನಾಳಿ ಮುಂಜಾನೆ ನೂರಾ ಹದಿನಾಕು ಮನಿಯವರು ತಮ್ಮ ತಮ್ಮ ಗಂಗಾಳ ಎತ್ತತಾರ. ಒಬ್ಬೊಬ್ಬ ತಾಯಿ ಮಗನ್ನ ಎರಡನೇ ಸಲ ಕಳಕೋತಾಳ. ಅದನ್ನ ಬರ್ಯಾವ ಯಾರು, ನೀನ?"

"ಹಂಗಂತ ಅವ ಉಪಾಸ ಸಾಯಬೇಕೇನ್ರಿ?"

ಅಡಕತ್ತರಿ ಮತ್ತೆ ಎತ್ತಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ಅವರು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ.

ಮರುದಿನ ನಾನು ನಾಲ್ಕು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಗಾಣದ ಹಿಂದಕ್ಕೆ ಹೋದೆ. ನನ್ನ ಊಟ ಮಾಡಿರಲಿಲ್ಲ. ಬೇಕೆಂದೇ ಹಸಿದುಕೊಂಡು ಹೋಗಿದ್ದೆ. ಬೋರಲಾಗಿದ್ದ ಗಂಗಾಳವನ್ನು ಎತ್ತಿ ತೊಳೆದು ಬಡಿಸಿದೆ. ಬಾಳವ್ವ ನೋಡುತ್ತಲೇ ಇದ್ದಳು. ಅವಳಿಗೆ ಅರ್ಥವಾಯಿತು.

"ಬ್ಯಾಡ್ರಿ ಅಣ್ಣಾರ" ಅಂದಳು. "ನೀವು ಉಂಡ್ರ ನನಗ ಮತ್ತ ಸಿಗೂದಿಲ್ಲ ಅವ."

"ಗೊತ್ತದ."

"ನನಗ ಇನ್ಯಾರದಾರ್ರಿ?"

ನಾನು ಇದ್ದೇನೆ ಎನ್ನಬಹುದಿತ್ತು. ಒಂಬತ್ತು ವರ್ಷ ಕಂಬಕ್ಕೊರಗಿ ಕೂತವಳಿಗೆ ಒಂದು ದಿನವೂ ಹೇಳದ ಮಾತನ್ನು ಅವಳ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುವ ಹೊತ್ತಿನಲ್ಲಿ ಹೇಳುವುದು ಸರಿಕಾಣಲಿಲ್ಲ. ಗಂಟೆ ಹೊಡೆಯಿತು. ಓಣಿಯಲ್ಲಿ ಹೆಸರುಗಳು ಏಳತೊಡಗಿದವು. ಬದನೆಕಾಯಿಯ ಮೇಲಿನ ಎಣ್ಣೆ ಆರತೊಡಗಿತು. ಬಾಳವ್ವ ಬಹಳ ಹೊತ್ತು ಆ ಗಂಗಾಳವನ್ನು ನೋಡಿದಳು. ಆಮೇಲೆ ಕೌದಿಯೊಳಗಿಂದ ಕೈ ಹೊರತೆಗೆದು ಅದರ ಅಂಚು ಹಿಡಿದು ನನ್ನ ಕಡೆಗೆ ನೂಕಿದಳು. ಒಂದು ಗೇಣು ಸರಿಯಿತು ಅಷ್ಟೆ. ಅಷ್ಟೇ ಅವಳಲ್ಲಿದ್ದ ಶಕ್ತಿ.

"ರಾಚಣ್ಣಾ, ಉಣ್ಣಪಾ" ಎಂದೆ. ಜೀವಮಾನದಲ್ಲಿ ನಾನು ಊಟಕ್ಕೆ ಕರೆದ ಮೊದಲ ಹೆಸರು ಅದು. ದನಿ ನನ್ನದೆಂದೇ ಅನ್ನಿಸಲಿಲ್ಲ. ಒಂದು ರೊಟ್ಟಿ ಹೋಯಿತು, ಎರಡು ಹೋಯಿತು. ಯಾರೋ ಗಬಗಬನೆ ನನ್ನ ಕೈಯಿಂದಲೇ ಕಿತ್ತು ತಿಂದ ಹಾಗೆ ನಾಲ್ಕೂ ಹೋದವು. ಬೆರಳಲ್ಲಿ ಗಂಗಾಳ ಬಳಿದೆ. ನೀರು ಕುಡಿದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಬೆಳಗಿನಿಂದ ಇದ್ದ ಹಸಿವು ಒಂದು ಕೂದಲಷ್ಟೂ ಕಡಿಮೆಯಾಗದೆ ಹಾಗೇ ಇತ್ತು. ನಾನು ಅತ್ತೆ. ಬಾಳವ್ವನೂ ಅತ್ತಳು. ನಾವು ಒಂದೇ ಕಾರಣಕ್ಕೆ ಅಳುತ್ತಿರಲಿಲ್ಲ.

ಆ ಮಧ್ಯಾಹ್ನ ಚಾವಡಿಗೆ ಹೋಗಿ 'ತುಂಬಿತು' ಎಂಬುದನ್ನು ಹೊಡೆದುಹಾಕಿ, 'ರಾಚಣ್ಣ ಇದ್ದಾನೆ, ತಪ್ಪು ಬರೆದವನು ನಾನು' ಎಂದು ಬರೆದು ಲೇಖಣಿ ಕೆಳಗಿಟ್ಟೆ. ಯಜಮಾನರು ಹೇಳಿದಂತೆಯೇ ಆಯಿತು. ಮರುದಿನ ಬೋರಲು ಬಿದ್ದಿದ್ದ ಗಂಗಾಳಗಳೆಲ್ಲ ಎದ್ದವು. ಎಷ್ಟೋ ವರ್ಷದಿಂದ ಓಣಿಯಲ್ಲಿ ಕೇಳದಿದ್ದ ಹೆಸರುಗಳು ಕೇಳಿದವು. ಮಲ್ಲೇಶಿಯ ತಾಯಿ ಹಬ್ಬದಡುಗೆ ಮಾಡಿದ್ದಳು. ಗಂಟೆಯಾಗಿ ಅರ್ಧ ತಾಸಿಗೆ ಊರು ಹೇಗಾಯಿತೆಂದರೆ ಹೇಳಲಾರೆ. ನೂರ ಹದಿನಾಲ್ಕರಲ್ಲಿ ಒಬ್ಬರೂ ಇರಲಿಲ್ಲ. ಅಂದಿನಿಂದ ಆ ಮನೆಗಳವರು ನನ್ನನ್ನು ಕಂಡರೆ ದಾಟಿ ಆ ಬದಿಗೆ ಹೋಗುತ್ತಾರೆ. ಅವರನ್ನು ದೂರುವ ಬಾಯಿ ನನಗಿಲ್ಲ. ಸಂಗನಬಸಪ್ಪನವರು ನಾಲ್ಕು ಮಂದಿಯೆದುರು ನನಗೆ ಉಗಿದರು. ಸಂಜೆ ರಾಚಣ್ಣನ ಪಾಲಿನ ಜೋಳ ನನ್ನ ಮನೆಗೆ ಕಳಿಸಿದರು. ಪುಸ್ತಕಕ್ಕೆ ಈಗ ನೀಲಮ್ಮ ಎಂಬವಳು ಬಂದಿದ್ದಾಳೆ. ಅವಳಿಗೂ ಯಾರೂ ಇಲ್ಲ.

ಬಾಳವ್ವ ಚೇತರಿಸಿಕೊಂಡಳು. ಉಂಡದ್ದು ಮೈಗೆ ಹತ್ತಿತು, ಕೆನ್ನೆ ತುಂಬಿದವು. ಈಗ ಅವಳದು ಒಂದೇ ಗಂಗಾಳ. ಗಂಟೆಗೆ ಮೊದಲೇ ನನ್ನ ಮನೆಗೆ ಬಂದು, ಹೊಸ್ತಿಲ ಮೇಲೆ ಕೌದಿ ಹರಡಿಕೊಂಡು ಹೊಲಿಯುತ್ತ ಕೂರುತ್ತಾಳೆ. ನನ್ನ ಅಡುಗೆಯಲ್ಲಿ ಹತ್ತು ಹುಳುಕು ತೆಗೆಯುತ್ತಾಳೆ. "ಇಷ್ಟ ಖಾರ ಹಾಕಬ್ಯಾಡ್ರಿ, ಅವಗ ಬಿಕ್ಕಳಿಕೆ ಬರತಾವ." ನಾನು ನನ್ನದು ಉಂಡು, ಅವನನ್ನು ಕರೆದು ಅವನದು ಉಣ್ಣುವ ತನಕ ಅವಳು ಅಲ್ಲಿಂದ ಏಳುವುದಿಲ್ಲ. ಎಲ್ಲ ಮುಗಿದ ಮೇಲೆ, "ತುಂಬಲಿಲ್ಲ ಹೌದಲ್ರಿ?" ಎಂದು ಕೇಳುತ್ತಾಳೆ. "ತುಂಬಲಿಲ್ಲವ್ವ" ಅನ್ನುತ್ತೇನೆ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಎದ್ದು, ತನ್ನ ಒಂದು ಗಂಗಾಳ ಉಣ್ಣಲು ತನ್ನ ಕೋಣೆಗೆ ಹೋಗುತ್ತಾಳೆ. ಇಲ್ಲೇ ಉಣ್ಣು ಎಂದು ಎರಡು ಸಲ ಹೇಳಿದೆ. ಅವನು ಉಂಡು ಎದ್ದ ಮನೆಯಲ್ಲಿ ತನಗೆ ಗಂಟಲಲ್ಲಿ ಇಳಿಯುವುದಿಲ್ಲ ಅಂದಳು. ಹೀಗೇ ಏಳು ತಿಂಗಳು ನಡೆಯಿತು.

ಮೊನ್ನೆ ಅವನ ಗಂಗಾಳದ ಮೂರನೆಯ ತುತ್ತಿಗೆ ನನ್ನ ಹೊಟ್ಟೆ ಭಾರವಾಯಿತು. ನಾಲ್ಕನೆಯದಕ್ಕೆ ಗಂಟಲು ಕಟ್ಟಿತು. ಜ್ವರವಿರಬೇಕು ಎಂದುಕೊಂಡೆ. ಹಣೆ ಮುಟ್ಟಿ ನೋಡಿಕೊಂಡೆ, ತಣ್ಣಗಿತ್ತು. ಬಾಳವ್ವ ನೋಡುತ್ತಿದ್ದಳು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತೆ ಎಲ್ಲವನ್ನೂ ಒಳಗೆ ನೂಕಿದೆ. ಅವಳು ಕೇಳಿದಳು, ತುಂಬಲಿಲ್ಲವೆಂದೆ. ನಿನ್ನೆಯೂ ಹಾಗೇ ಆಯಿತು. ನೀಲಮ್ಮನ ಕೈಲೂ ಚಲೋ ಇಳಿಯಿತೆಂದು ಬರೆಸಿ ಬಂದೆ. ಈ ವಾರ ಇನ್ನೂ ಐದು ಮನೆಯಲ್ಲಿ ತುಂಬಿದೆಯೆಂದು ಅವಳು ಹೇಳಿದಳು. ಒಮ್ಮೆ ಬೇಗ ಬರೆದು ಕೆಟ್ಟವನು ನಾನು. ಈ ಸಲ ತಡೆದರೇನು ತಪ್ಪು, ಇರಬಹುದು ಅವನು, ನನ್ನ ಮೈಯಲ್ಲೇ ಏನೋ ದೋಷವಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸು ನಂಬಲಿಲ್ಲ.

ಇವತ್ತು ಮೂರನೆಯ ದಿನ. ಗಂಟೆ ಹೊಡೆಯಿತು. ಬೆಳಗಿನಿಂದ ಏನೂ ತಿನ್ನದೆ, ನನ್ನ ಗಂಗಾಳವನ್ನೂ ಬಿಟ್ಟು, ನೇರ ಅವನದನ್ನೇ ಹಾಕಿಕೊಂಡು ಕೂತೆ. ಕರೆದೆ. ಎರಡು ರೊಟ್ಟಿಗೆ ನನ್ನ ಹಸಿವು ಪೂರ್ತಿ ಹಿಂಗಿತು. ಮೈಯೆಲ್ಲ ಬೆಚ್ಚಗಾಯಿತು. ಎಷ್ಟೋ ದಿನದ ಮೇಲೆ ಊಟ ಅಷ್ಟು ರುಚಿಯಾಗಿತ್ತು. ಅದನ್ನು ಹೇಳಲು ನಾಚಿಕೆಯಾಗುತ್ತದೆ.

"ತುಂಬಲಿಲ್ಲ ಹೌದಲ್ರಿ?" ಎಂದಳು ಬಾಳವ್ವ, ಹೊಸ್ತಿಲ ಮೇಲಿಂದ. ಈ ಸಲ ಅವಳು ಕೌದಿಯಿಂದ ಕಣ್ಣೆತ್ತಿ ನನ್ನ ಮುಖವನ್ನೇ ನೋಡಿ ಕೇಳಿದಳು.

"ತುಂಬಲಿಲ್ಲವ್ವ" ಅಂದೆ. "ಇವತ್ತ್ಯಾಕೋ ಭಾಳ ಹಸದಾನ."

ಅವಳ ಮುಖ ಅರಳಿತು. ಎದ್ದು ಓಡುವವಳಂತೆ ತನ್ನ ಕೋಣೆಗೆ ಹೋದಳು. ಬರುವಾಗ ಸೆರಗಿನಲ್ಲಿ ಎರಡು ರೊಟ್ಟಿ ಹಿಡಿದುಕೊಂಡು ಬಂದಳು. ಅವಳ ಮಧ್ಯಾಹ್ನದ ಊಟ ಅದು, ಅದರ ಹೊರತು ಅವಳ ಮನೆಯಲ್ಲಿ ಬೇರೆ ಇರುವುದಿಲ್ಲ. ಎರಡನ್ನೂ ರಾಚಣ್ಣನ ಗಂಗಾಳಕ್ಕೆ ಹಾಕಿ, ಅಂಚಿನಲ್ಲಿ ಒಂದು ಚಿಟಿಕೆ ಶೇಂಗಾಚಟ್ನಿ ಇಟ್ಟಳು.

"ಕೊಡ್ರಿ ಅವಗ" ಎಂದು ಎದುರಿಗೆ ಕೂತಳು.

ನಾನು ಅವನ ಹೆಸರು ಕರೆದು, ಅವಳು ನೋಡುತ್ತಿದ್ದಂತೆ, ಅದನ್ನೂ ಪೂರ್ತಿ ಉಂಡೆ.